ಬೀರುವಿನ ಮೇಲಿನ ಇನ್ನೂರು

ಭಾನುವಾರ ಸಂಜೆ ಸೀನ ಲ್ಯಾಪ್‌ಟಾಪನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಬಂದ. ಮಗಳ ನಾಮಕರಣದ ವಿಡಿಯೋ ರೆಡಿಯಾಗಿದೆ, ಸ್ಟುಡಿಯೋದವರು ಲಿಂಕ್ ಕಳಿಸಿದ್ದಾರಂತೆ. ಒಟ್ಟು 18 ಜಿಬಿ.

"ನಿಮ್ಮನೇಲಿ 200 ಎಂಬಿಪಿಎಸ್ ಇದೆಯಲ್ಲ, ಕಾಫಿ ಕುಡಿಯೋದ್ರೊಳಗೆ ಇಳಿಯುತ್ತೆ" ಎಂದ.

ಕಾಫಿ ಆಯಿತು. ಇನ್ನೊಂದು ಸುತ್ತೂ ಆಯಿತು. ಮೂರನೆಯದಕ್ಕೆ ಹಾಲಿಲ್ಲ ಎಂದರು ಅಮ್ಮ. ಅಷ್ಟರಲ್ಲಿ ಗೌಡ ಬಂದ, ಹಿಂದಿನ ಬೀದಿಯ ಮೇಷ್ಟ್ರೂ ಬಂದರು. ಮೇಷ್ಟ್ರು ಮೂವತ್ತು ವರ್ಷ ಭೌತಶಾಸ್ತ್ರ ಹೇಳಿಕೊಟ್ಟು ನಿವೃತ್ತರಾದವರು. ಕೇಳುವವರು ಸಿಕ್ಕರೆ ಈಗಲೂ ಬಿಡುವುದಿಲ್ಲ.

"ನೋಡಿ ಮೇಷ್ಟ್ರೇ, ಇನ್ನೂರು ಅಂತ ದುಡ್ಡು ಕಟ್ಟಿಸ್ಕೊಳ್ತಾರೆ, ಬರ್ತಿರೋದು ಬರೀ ಒಂದೂವರೆ!" ಎಂದ ಸೀನ.

"ಇನ್ನೂರು ಅನ್ನೋದು ಬಿಟ್ ಲೆಕ್ಕ. ನಿನ್ನ ಲ್ಯಾಪ್‌ಟಾಪ್ ತೋರಿಸ್ತಿರೋದು ಬೈಟ್ ಲೆಕ್ಕ. ಎಂಟು ಬಿಟ್‌ಗೆ ಒಂದು ಬೈಟ್. ಇನ್ನೂರು ಪೂರ್ತಿ ಬಂದ್ರೂ ನಿನಗೆ ಕಾಣೋದು 25 ಅಷ್ಟೇ."

"ಹಾಗಾದ್ರೆ ಒಂದೂವರೆ ಸರೀನಾ?"

"ಎಲ್ಲಿ ಸರಿ? ಅದು 12 ಆಯ್ತು. ಈ ಲೆಕ್ಕದಲ್ಲಿ ಪೂರ್ತಿ ಇಳಿಯೋಕೆ ಮೂರು ಗಂಟೆ ಇಪ್ಪತ್ತು ನಿಮಿಷ ಬೇಕು. ಆದ್ರೂ ನೀನೇ ಪುಣ್ಯವಂತ. ಡಯಲ್‌ಅಪ್ ಕಾಲದಲ್ಲಿ 56 ಕೆಬಿಪಿಎಸ್ ಮೋಡೆಮ್ ಅಂದ್ರೆ ದೊಡ್ಡದು. ಅದರಲ್ಲಿ ಇದನ್ನ ಇಳಿಸಿದ್ರೆ ಹತ್ತಿರ ಹತ್ತಿರ ಒಂದು ತಿಂಗಳು. ಅಷ್ಟರಲ್ಲಿ ಮಗು ಮಗುಚಿಕೊಂಡಿರೋದು."

ಗೌಡ ಮೊಬೈಲ್‌ನಲ್ಲಿ ಏನೋ ಓದಿ, "ಡಿಎನ್‌ಎಸ್ ಬದಲಾಯಿಸು, ನಾಲ್ಕು ಸಲ ಎಂಟು ಹಾಕು, ಹಾರುತ್ತೆ" ಎಂದ.

"ಡಿಎನ್‌ಎಸ್ ಅಂದ್ರೆ ಮೂಲೆ ಅಂಗಡೀಲಿ ವಿಳಾಸ ಕೇಳೋದು ಕಣೋ. ಚುರುಕಾಗಿ ಹೇಳಿದ್ರೆ ಮನೆ ಬೇಗ ಸಿಗುತ್ತೆ. ಆಮೇಲೆ ಅಕ್ಕಿ ಮೂಟೆ ಹೊರೋದು ನೀನೇ."

ಗೌಡ ಸೋಲಲಿಲ್ಲ. "ತಿಂಗಳ ಡೇಟಾ ಮುಗಿದಿರಬೇಕು. ಮುಗಿದ ಮೇಲೆ ಕತ್ತು ಹಿಸುಕ್ತಾರೆ." ಆ್ಯಪ್ ತೆಗೆದು ನೋಡಿದೆ. ಮಿತಿ 3,300 ಜಿಬಿ, ನಾವು 400 ಕೂಡ ದಾಟಿಲ್ಲ.

"ಸುಮ್ನೆ ಊಹೆ ಯಾಕೆ? ರೂಟರ್ ಪಕ್ಕ ನಿಂತು ಸ್ಪೀಡ್ ಟೆಸ್ಟ್ ಮಾಡಿ. ಅಲ್ಲೂ ಕಮ್ಮಿ ಬಂದ್ರೆ ಕಂಪನಿಗೆ ಬೈಯಿರಿ. ಅಲ್ಲಿ ಜಾಸ್ತಿ ಬಂದ್ರೆ ನಿಮ್ಮನ್ನೇ ಬೈಕೊಳ್ಳಿ" ಎಂದರು ಮೇಷ್ಟ್ರು.

ರೂಟರ್ ಇರುವುದು ಅಮ್ಮನ ಕೋಣೆಯಲ್ಲಿ, ಕಬ್ಬಿಣದ ಬೀರುವಿನ ಮೇಲೆ. ಸ್ಟೂಲ್ ಹಾಕಿ ಹತ್ತಿ ಮೊಬೈಲ್ ಹಿಡಿದೆ. 187 ಬಂತು. ನನಗೆ ನಾಚಿಕೆಯಾಯಿತು. ಹೋದ ವಾರವಷ್ಟೇ ಕಸ್ಟಮರ್ ಕೇರ್ ಹುಡುಗಿಯ ಹತ್ತಿರ ಗಂಟಲು ಹರಿದುಕೊಂಡಿದ್ದೆ.

ಮೇಷ್ಟ್ರೂ ಸ್ಟೂಲ್ ಹತ್ತಿದರು. ಮುಂದೆ ಹಿತ್ತಾಳೆ ಪಾತ್ರೆಗಳ ಟ್ರಂಕು, ಹಿಂದೆ ಗೋಡೆ. ನಡುವಿನ ಸಂದಿಯಲ್ಲಿ ರೂಟರ್, ಅದರ ಮೇಲೆ ಅಮ್ಮ ಹೆಣೆದ ಕ್ರೋಶಾ ಹೊದಿಕೆ. ಅಂಚಿಗೆ ಮಣಿ ಬೇರೆ.

"ದೂಳು ಕೂರುತ್ತಲ್ಲ ಅಂತ ಹಾಕಿದೆ" ಎಂದರು ಅಮ್ಮ.

"ಬಟ್ಟೆ ಸಿಗ್ನಲ್ ತಡೆಯೋಲ್ಲ ತಾಯಿ, ಬಿಸಿ ತಡೆಯುತ್ತೆ, ಅದು ಒಳಗೇ ಬೇಯುತ್ತೆ. ಸಿಗ್ನಲ್ ತಡೀತಿರೋದು ಈ ಟ್ರಂಕು, ಈ ಬೀರು. ಲೋಹ ಕಂಡ್ರೆ ಅದು ವಾಪಸ್ ತಿರುಗುತ್ತೆ."

ತಕ್ಷಣಕ್ಕೆ ಒಂದು ಉಪಾಯ ಮಾಡಿದೆವು. ಅಟ್ಟದಿಂದ ಹಳೇ ಲ್ಯಾನ್ ಕೇಬಲ್ ತೆಗೆದು, ಕೋಣೆಯಿಂದ ಹಾಲಿನವರೆಗೆ ಎಳೆದು ಲ್ಯಾಪ್‌ಟಾಪಿಗೆ ಸಿಕ್ಕಿಸಿದೆವು. ಸಿಕ್ಕಿಸಿದ್ದೇ ತಡ, ಶೇಕಡಾ 41ಕ್ಕೆ ಬಂದಿದ್ದ ಡೌನ್‌ಲೋಡ್ ಪಟ್ ಅಂತ ನಿಂತು ಸೊನ್ನೆಗೆ ಹೋಯಿತು. ಸೀನ ಐದು ನಿಮಿಷ ಯಾರ ಜೊತೆಯೂ ಮಾತಾಡಲಿಲ್ಲ.

ಮತ್ತೆ ಶುರು ಮಾಡಿದಾಗ ಟೆಸ್ಟ್‌ನಲ್ಲಿ 94 ಬಂತು. ಗೌಡ ಚಪ್ಪಾಳೆ ತಟ್ಟಿದ. ಮೇಷ್ಟ್ರ ಮುಖ ಮಾತ್ರ ಹುಳ್ಳಗಾಯಿತು.

"ಎಷ್ಟು ಸಲ ನೋಡಿದ್ರೂ 94ಕ್ಕೇ ನಿಂತ್ರೆ ಕೇಬಲ್ ಕಡೆ ನೋಡಬೇಕು. ಒಳಗೆ ಎಂಟು ತಂತಿ ಇರುತ್ತೆ. ನೂರಕ್ಕೆ ನಾಲ್ಕು ಸಾಕು, ಅದರ ಮೇಲೆ ಹೋಗೋಕೆ ಎಂಟೂ ಬೇಕು. ಒಂದು ಹೋಗಿದ್ರೂ ನೂರರ ಒಳಗೇ ಒದ್ದಾಟ."

ಕೇಬಲ್ ಸವರುತ್ತಾ ಬಂದರೆ, ನಡುವೆ ಇಲಿ ಕಡಿದ ಗುರುತು.

"ಇರಲಿ ಬಿಡಿ, ಇಪ್ಪತ್ತೈದು ನಿಮಿಷದಲ್ಲಿ ಇಳಿಯುತ್ತೆ" ಎಂದ ಸೀನ. ಆದರೆ ಕೇಬಲ್ ದೇವರ ಮನೆ ಹೊಸ್ತಿಲ ಮುಂದೆಯೇ ಹಾದುಹೋಗಿತ್ತು. ದೀಪ ಹಚ್ಚಲು ಬಂದ ಅಮ್ಮ ಅದನ್ನು ಎಡವಿದರು. "ಇದನ್ನ ತೆಗೀತೀರೋ, ನಾನೇ ಕತ್ತರಿ ತರಲೋ?"

ಕೊನೆಗೆ ರೂಟರೇ ಜಾಗ ಖಾಲಿ ಮಾಡಬೇಕಾಯಿತು. ಬೀರುವಿನ ಹಿಂದೆ ಫೈಬರ್ ವೈರನ್ನು ಸುರುಳಿ ಸುತ್ತಿ ಬಿಟ್ಟಿದ್ದರು, ಹಾಲಿಗೆ ಸಾಕಾಗುವಷ್ಟಿತ್ತು. ಗೌಡ ಹಗ್ಗದ ಹಾಗೆ ಜಗ್ಗಿದ.

"ಲೋ, ಒಳಗಿರೋದು ಗಾಜು! ಮಡಿಸಬೇಡ!" ಮೇಷ್ಟ್ರು ಕೂಗಿದ ರಭಸಕ್ಕೆ ಪಕ್ಕದ ಮನೆಯವರು ಇಣುಕಿ ನೋಡಿದರು.

ರೂಟರ್ ಹಾಲಿನ ಶೋಕೇಸ್ ಮೇಲೆ ಕೂತಿತು. ಆದರೂ ಲ್ಯಾಪ್‌ಟಾಪಿನಲ್ಲಿ ಬಂದಿದ್ದು ಮೂವತ್ತೇ.

"ವೈಫೈಗೆ ಎರಡು ದಾರಿ, ಇದು 2.4 ಗಿಗಾಹರ್ಟ್ಸ್ ದಾರಿ ಹಿಡ್ಕೊಂಡಿದೆ. ಅದು ಗೋಡೆ ಅಡ್ಡ ಇದ್ರೂ ದಾಟುತ್ತೆ, ಆದ್ರೆ ದಸರಾ ದಿನದ ಸಯ್ಯಾಜಿರಾವ್ ರಸ್ತೆ ಇದ್ದ ಹಾಗೆ. ಅಕ್ಕಪಕ್ಕದವರ ವೈಫೈ, ಬ್ಲೂಟೂತ್, ಮೈಕ್ರೋವೇವ್ ಎಲ್ಲಾ ಅಲ್ಲೇ ತೂರಿಕೊಳ್ತವೆ. 5ಕ್ಕೆ ಹಾಕು. ಗೋಡೆ ಕಂಡ್ರೆ ಅದಕ್ಕೆ ಸುಸ್ತು, ಎದುರುಬದುರು ಕೂತ್ರೆ ಕುದುರೆ."

5ಕ್ಕೆ ಹಾಕಿದೆ. ಸೆಕೆಂಡಿಗೆ 22 ಎಂಬಿ! ಹದಿನಾಲ್ಕು ನಿಮಿಷ ನಾಲ್ವರೂ ಆ ಪಟ್ಟಿಯನ್ನೇ ನೋಡುತ್ತಾ ಕೂತೆವು. ಮ್ಯಾಚ್ ಕೂಡ ಇಷ್ಟು ಶ್ರದ್ಧೆಯಿಂದ ನೋಡಿಲ್ಲ.

ಸೀನ ಮೊದಲ ಫೈಲ್ ಒತ್ತಿದ. ಮಗು ಇಲ್ಲ, ತೊಟ್ಟಿಲೂ ಇಲ್ಲ. ಮೊದಲ ಪಂಕ್ತಿಯಲ್ಲಿ ನಾನು, ಗೌಡ, ಮೇಷ್ಟ್ರು. ಬಡಿಸುವವನು ಹೋಳಿಗೆ ತಂದ. ಮೇಷ್ಟ್ರು "ಬೇಡ, ಬೇಡ" ಎಂದು ಎಲೆಗೆ ಕೈ ಅಡ್ಡ ಹಿಡಿದರು, ಬೆರಳ ಸಂದಿಯಲ್ಲಿ ಒಂದು ಹೋಳಿಗೆಗೆ ಬೇಕಾದಷ್ಟು ಜಾಗ ಬಿಟ್ಟು.

ಗೌಡ ಅಲ್ಲಿಗೇ ನಿಲ್ಲಿಸಿದ. "ಇದು 2.4 ಅಲ್ವಾ ಮೇಷ್ಟ್ರೇ?"