ಬಿಪಿ ಟಾರ್ಗೆಟ್ 120 ಇಡೋದಾ, 140 ಇಡೋದಾ? 70 ಜನರ ಓಪಿಡಿಯಲ್ಲಿ ಹೇಗೆ ನಿಭಾಯಿಸ್ತೀರಿ?

ತಾಲ್ಲೂಕು ಜಿಪಿ (ಪ್ರಶ್ನೆ): ನಾನೊಬ್ಬ, ಸಿಸ್ಟರ್ ಒಬ್ಬರು, ಬೆಳಗ್ಗೆ 70 ಜನ. ಸ್ಪ್ರಿಂಟ್ ಅನ್ನೋ ದೊಡ್ಡ ಬಿಪಿ ಟ್ರಯಲ್ ಪ್ರಕಾರ ಸಿಸ್ಟೋಲಿಕ್ (ಮೇಲಿನ ಅಂಕಿ) 120ರ ಕೆಳಗೆ ತರಬೇಕು ಅಂತಾರೆ. 58 ವರ್ಷದ ಡಯಾಬಿಟಿಸ್ ಪೇಷಂಟ್, ಬಿಪಿ ಮಾತ್ರೆ ಆಮ್ಲೋಡಿಪಿನ್ 5 ಮಿಗ್ರಾಂ ತಗೊಂಡೂ 138 ಇದೆ. ಇನ್ನೊಂದು ಮಾತ್ರೆ ಸೇರಿಸಲಾ? ಅನುಭವ ಇರೋರು ಹೇಳಿ.

ಕಫ್ ಕಾವಲುಗಾರ: ಮಾತ್ರೆ ಆಮೇಲೆ. ಆ 138 ಬಂದಿದ್ದು ಹೇಗೆ? ಸ್ಪ್ರಿಂಟ್‌ನಲ್ಲಿ (2015, 9,361 ಜನ) ಐದು ನಿಮಿಷ ಸುಮ್ನೆ ಕೂರಿಸಿ, ಆಟೋಮ್ಯಾಟಿಕ್ ಮೆಷಿನ್‌ನಲ್ಲಿ ಮೂರು ಸಲ ನೋಡಿ ಸರಾಸರಿ ತಗೊಂಡ್ರು. ನಾವು? ಮೆಟ್ಟಿಲು ಹತ್ತಿ ಬಂದವರ ಅಂಗಿ ತೋಳಿನ ಮೇಲೇ ಕಫ್ ಸುತ್ತಿ, "ತಿಂಡಿ ಆಯ್ತಾ" ಅಂತ ಮಾತಾಡಿಸ್ತಾ ಗಾಳಿ ಹಾಕ್ತೀವಿ. ಆ ಅಂಕಿಗೆ 120ರ ಟಾರ್ಗೆಟ್ ಹಚ್ಚಿದ್ರೆ ಜನ ತಲೆ ಸುತ್ತಿ ಬೀಳ್ತಾರೆ. 70 ಜನಕ್ಕೂ ಐದೈದು ನಿಮಿಷ ಅಂದ್ರೆ 350 ನಿಮಿಷ, ಆಗದ ಮಾತು. ನಮ್ಮಲ್ಲಿ ಮೊದಲ ಸಲಕ್ಕೆ 130 ದಾಟಿದವರಿಗೆ ಮಾತ್ರ: ಹೊರಗೆ ಬೆನ್ನಿಗೆ ಆಸರೆ ಇರೋ ಎರಡು ಕುರ್ಚಿ, ಪಕ್ಕದಲ್ಲಿ ಟೇಬಲ್. ಸಿಸ್ಟರ್ ನಿಮಿಷಕ್ಕೊಂದರಂತೆ ಮೂರು ರೀಡಿಂಗ್ ಬರೆದು ಚೀಟಿ ಒಳಗೆ ಕಳಿಸ್ತಾರೆ. ದಿನಕ್ಕೆ 12-15 ಜನ ಅಷ್ಟೆ. ಮೆಷಿನ್ 2,400, ದೊಡ್ಡ ಕಫ್ 850, ಅಡಾಪ್ಟರ್ ಬೇರೆ 350. ನಾಡಿ ಏರುಪೇರಿದ್ರೆ ಮಾತ್ರ ಮೆಷಿನ್ ನಂಬಬೇಡಿ, ಸ್ಟೆತ್ ಇಟ್ಟೇ ನೋಡಿ.

ಅರ್ಧ ಮಾತ್ರೆ: ಪೇಷಂಟ್‌ಗೆ ಡಯಾಬಿಟಿಸ್ ಇದೆ ಅಂತ ಬರೆದಿದ್ದಾರೆ, ಓದಿದ್ರಾ ಸರ್? ಸ್ಪ್ರಿಂಟ್ ಡಯಾಬಿಟಿಸ್‌ನವರನ್ನ, ಸ್ಟ್ರೋಕ್ ಆದವರನ್ನ ಸೇರಿಸಿಕೊಂಡೇ ಇಲ್ಲ. ಡಯಾಬಿಟಿಸ್‌ಗೆ ಅಕಾರ್ಡ್ ಅನ್ನೋ ಟ್ರಯಲ್ ಇದೆ, 2010, 4,733 ಜನ, 120ರ ಕೆಳಗೆ ತಂದ್ರೂ ಮುಖ್ಯ ಫಲಿತಾಂಶದಲ್ಲಿ ಲಾಭ ಕಾಣಲಿಲ್ಲ. 140 ಸಾಕು. ಔಷಧ ಕಂಪನಿ ರೆಪ್ ಸ್ಲೈಡ್‌ನಲ್ಲಿ ಸ್ಪ್ರಿಂಟ್ ಬಗ್ಗೆ "ಶೇ 25 ಕಡಿಮೆ" ಅಂತ ದಪ್ಪಕ್ಷರ. ಲೆಕ್ಕ ಹಾಕಿ: ಸ್ಪ್ರಿಂಟ್‌ನಲ್ಲಿ ಹಾರ್ಟ್ ಅಟ್ಯಾಕ್, ಸ್ಟ್ರೋಕ್, ಹೃದಯದ ಸಾವು ಇಂಥವು ವರ್ಷಕ್ಕೆ ಶೇ 2.19 ಇದ್ದದ್ದು 1.65 ಆಯ್ತು, ವ್ಯತ್ಯಾಸ 0.54. ಅಂದ್ರೆ 185 ಜನ ಒಂದು ವರ್ಷ ಹೆಚ್ಚುವರಿ ಮಾತ್ರೆ ನುಂಗಿದ್ರೆ ಒಬ್ಬರಿಗೆ ಲಾಭ. ಕಿಡ್ನಿಗೆ ದಿಢೀರ್ ಪೆಟ್ಟು ಇಡೀ ಟ್ರಯಲ್ ಅವಧಿಯಲ್ಲಿ ಶೇ 2.5ರಿಂದ 4.1ಕ್ಕೆ ಏರಿತು. ಅದನ್ನ ಯಾವ ರೆಪ್ ಹೇಳ್ತಾನೆ?

ಮಲೆನಾಡು ಎಂಡಿ: ನಿಮ್ಮ ಗಡಿಯಾರ 2010ರಲ್ಲೇ ನಿಂತಿದೆ. ಬಿಪ್ರೋಡ್ ಟ್ರಯಲ್, 2024, ಚೀನಾ, 12,821 ಜನ, ಎಲ್ಲರೂ ಟೈಪ್ 2. ಹಾರ್ಟ್ ಅಟ್ಯಾಕ್, ಸ್ಟ್ರೋಕ್ ಇಂಥವು 120ರ ಗುಂಪಿನಲ್ಲಿ ವರ್ಷಕ್ಕೆ ನೂರಕ್ಕೆ 1.65, 140ರ ಗುಂಪಿನಲ್ಲಿ 2.09. ಅಕಾರ್ಡ್‌ನಲ್ಲೂ ಸ್ಟ್ರೋಕ್ ಕಡಿಮೆಯಾಗಿತ್ತು, ಅದನ್ನ ಮೆಲ್ಲಗೆ ನುಂಗಿಬಿಟ್ರಿ.

ಅರ್ಧ ಮಾತ್ರೆ: ಬಿಪ್ರೋಡ್‌ನಲ್ಲಿ ಪೊಟ್ಯಾಸಿಯಮ್ ಏರಿದ್ದು, ಬಿಪಿ ಕುಸಿದು ಸುಸ್ತಾದದ್ದು ಜಾಸ್ತಿ. ಅದನ್ನ ನುಂಗಿದ್ದು ಯಾರು?

ಪಿಎಚ್‌ಸಿ ಮೇಡಂ: ಇಬ್ಬರೂ ಸ್ವಲ್ಪ ನಿಲ್ಲಿಸಿ. ಇನ್ನೊಂದು ಬಿಪಿ ಮಾತ್ರೆ ಅಂತ ಟೆಲ್ಮಿಸಾರ್ಟನ್ 40 ಸೇರಿಸೋದು ಸುಲಭ, ಆಮೇಲಿನದು ಕಷ್ಟ. 2-4 ವಾರಕ್ಕೆ ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಟೆಸ್ಟ್), ಪೊಟ್ಯಾಸಿಯಮ್ ನೋಡಬೇಕು. ಕ್ರಿಯಾಟಿನಿನ್ ಶೇ 30ರೊಳಗೆ ಏರಿದ್ರೆ ಗಾಬರಿ ಬೇಡ, ಪೊಟ್ಯಾಸಿಯಮ್ 5.5 ದಾಟಿದ್ರೆ ಡೋಸ್ ಇಳಿಸಿ ಮತ್ತೆ ನೋಡಿ. ನಮ್ಮ ಕಡೆ ಅದರ ಲೆಕ್ಕ: ಕ್ರಿಯಾಟಿನಿನ್ 150, ಎಲೆಕ್ಟ್ರೊಲೈಟ್ಸ್ 350, ಬಸ್ಸಿಗೆ ಹೋಗಿ ಬರೋಕೆ 60, ಜೊತೆಗೆ ಒಂದು ದಿನದ ಕೂಲಿ 500. 1,060 ರೂಪಾಯಿ! ಮಾತ್ರೆ ಇದರ ಮುಂದೆ ಏನೂ ಅಲ್ಲ. ಟೆಸ್ಟ್‌ಗೆ ಬರಲ್ಲ ಅಂತ ಗೊತ್ತಿದ್ರೆ ಟೆಲ್ಮಿಸಾರ್ಟನ್ ಬೇಡ. ಆಮ್ಲೋಡಿಪಿನ್ 10 ಮಾಡಿದ್ರೆ ಕಾಲು ಊದುತ್ತೆ, ಅದಕ್ಕೆ ಮೂತ್ರ ಹೆಚ್ಚಿಸೋ ಫ್ರೂಸೆಮೈಡ್ ಬರೆಯೋರಿದ್ದಾರೆ. ಅದು ಆ ಮಾತ್ರೆ ರಕ್ತನಾಳ ಹಿಗ್ಗಿಸಿದ್ದಕ್ಕೆ ಬಂದ ಊತ, ಫ್ರೂಸೆಮೈಡ್‌ಗೆ ಬಗ್ಗಲ್ಲ. ಮಂಡಿನೋವಿಗೆ ಮೆಡಿಕಲ್ ಶಾಪ್‌ನಿಂದ ಡೈಕ್ಲೋಫೆನಾಕ್ ತಗೋತಿದ್ದಾರಾ ಅಂತಲೂ ಕೇಳಿ. ಆ ನೋವಿನ ಮಾತ್ರೆ ಬಿಪಿ ಏರಿಸುತ್ತೆ, ಬಿಡಿಸಿದ್ರೆ ಎಷ್ಟೋ 138 ಅಲ್ಲೇ ಇಳಿಯುತ್ತೆ.

ಅರ್ಧ ಮಾತ್ರೆ: ಮೂತ್ರ ಹೆಚ್ಚಿಸಿ ಬಿಪಿ ಇಳಿಸೋ ಕ್ಲೋರ್‌ಥ್ಯಾಲಿಡೋನ್ 12.5 ಕೊಡಿ, ಅಗ್ಗ.

ಪಿಎಚ್‌ಸಿ ಮೇಡಂ: 70 ದಾಟಿದ ಅಜ್ಜಿಗೆ ಕೊಟ್ಟು ಸೋಡಿಯಂ 118ಕ್ಕೆ ಇಳಿದ್ರೆ? "ಅಜ್ಜಿ ಏನೇನೋ ಮಾತಾಡ್ತಾರೆ" ಅಂತ ಕರ್ಕೊಂಡು ಬರ್ತಾರೆ. ಅಗ್ಗವಂತೆ.

ಮಲೆನಾಡು ಎಂಡಿ: ನಮ್ಮ ದೇಶದ್ದೇ ಟಾಪ್‌ಸ್ಪಿನ್ ಟ್ರಯಲ್ ಇದೆ, 2024, 1,981 ಜನ. ಆಮ್ಲೋಡಿಪಿನ್, ಪೆರಿಂಡೋಪ್ರಿಲ್, ಇಂಡಾಪಮೈಡ್, ಇದರಲ್ಲಿ ಯಾವೆರಡನ್ನ ಒಂದೇ ಮಾತ್ರೆಯಲ್ಲಿ ಕೊಟ್ರೂ ಹೆಚ್ಚುಕಮ್ಮಿ ಒಂದೇ ಫಲ. ಯಾವ ಜೋಡಿ ಅನ್ನೋ ಜಗಳವೇ ವ್ಯರ್ಥ.

ಅರ್ಧ ಮಾತ್ರೆ: ಹಾಗಾದ್ರೆ ಜಗಳ ಶುರು ಮಾಡಿದ್ದು ಯಾಕೆ?

ತಾಲ್ಲೂಕು ಜಿಪಿ: ಇವತ್ತು ಕುರ್ಚಿ ಹಾಕಿಸಿ ಮೂರು ಸಲ ನೋಡಿದೆ: 136, 129, 127. ಆದ್ರೆ ಟೇಬಲ್ ತಗ್ಗು, ಕೈ ಹೊಟ್ಟೆ ಮಟ್ಟಕ್ಕೇ ಬರುತ್ತೆ.

ಕಫ್ ಕಾವಲುಗಾರ: ಮೊದಲನೆಯದನ್ನ ಸೇರಿಸಬೇಕಾ ಬೇಡ್ವಾ ಅಂತ ಇಲ್ಲಿ ಇನ್ನೊಂದು ಜಗಳ ಏಳುತ್ತೆ, ಇರಲಿ. ಕೈ ತೊಡೆ ಮೇಲಿದ್ರೆ ಸಿಸ್ಟೋಲಿಕ್ ಸುಮಾರು 4, ಪಕ್ಕಕ್ಕೆ ಜೋತುಬಿದ್ರೆ 6-7 ಜಾಸ್ತಿ ತೋರಿಸುತ್ತೆ. ಟೇಬಲ್ ಮೇಲೆ ಬೆಡ್‌ಶೀಟ್ ಮಡಿಸಿಟ್ಟು, ಕಫ್‌ನ ನಡುಭಾಗ ಎದೆಮೂಳೆ ಮಧ್ಯದ ಮಟ್ಟಕ್ಕೆ ಬರೋ ಹಾಗೆ ಮಾಡಿ ನಾಳೆ ಮತ್ತೆ ನೋಡಿ. ಎದ್ದು ನಿಲ್ಲಿಸಿ ಒಂದನೇ, ಮೂರನೇ ನಿಮಿಷಕ್ಕೂ ಒಂದೊಂದು ರೀಡಿಂಗ್ ತಗೊಳ್ಳಿ. ನಿಂತಾಗ ಸಿಸ್ಟೋಲಿಕ್ 20 ಇಳಿದ್ರೆ ಹೊಸ ಮಾತ್ರೆಗೆ ಕೈ ಹಾಕಬೇಡಿ.