ಓದುಗರ ಸ್ಪಂದನ: ಎಲ್ಲ ಗೊತ್ತು, ಆದರೆ ಪಾಲಿಸಲು ಆಗುತ್ತಿಲ್ಲ

(ಸಮಸ್ಯೆ: ನನಗೆ 49. ಆರು ವರ್ಷದಿಂದ ಶುಗರ್ ಇದೆ. ಪಥ್ಯ, ನಡಿಗೆ ಎಲ್ಲ ಗೊತ್ತು, ಪಾಲಿಸಲು ಆಗುತ್ತಿಲ್ಲ. ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಪರೀಕ್ಷೆಯಲ್ಲಿ (HbA1c) 9.2 ಬಂದಿದೆ, 7ರ ಒಳಗೆ ಇರಬೇಕಂತೆ. ಮನೆಯಲ್ಲಿ ಎಲ್ಲರೂ ನನ್ನನ್ನೇ ಬೈಯುತ್ತಾರೆ. – ಓದುಗಿ, ಬದಿಯಡ್ಕ)

ಅಕ್ಕಾ, ನೀವು ಎಷ್ಟು ಗಂಟೆಗೆ ಉಣ್ಣುತ್ತೀರಿ? ಬೈಯುವವರು ಯಾರೂ ಇದನ್ನು ಕೇಳಿರಲಿಕ್ಕಿಲ್ಲ. ನಾನು ಒಂದು ಗಂಟೆಗೆ ಮಾತ್ರೆ ನುಂಗಿ, ಎಲ್ಲರಿಗೂ ಬಡಿಸಿ, ಕೂರುವಾಗ ಎರಡೂವರೆ. ಒಂದು ದಿನ ಮೈಯೆಲ್ಲ ಬೆವರಿ, ಕೈ ನಡುಗಿ, ಸಾಂಬಾರಿನ ಸೌಟು ಕೆಳಗೆ ಬಿತ್ತು. ಮಗ ಪರೀಕ್ಷೆ ಮಾಡಿದರೆ ಶುಗರ್ 58ಕ್ಕೆ ಇಳಿದಿತ್ತು. ಮೂರು ಚಮಚ ಸಕ್ಕರೆ ನೀರಿಗೆ ಕಲಸಿ ಕೊಟ್ಟ, ಹದಿನೈದು ನಿಮಿಷದಲ್ಲಿ ಸರಿಯಾದೆ. ಆ ಹೆದರಿಕೆಗೆ ಮಾತ್ರೆಯನ್ನೇ ಬಿಟ್ಟೆ. ಶುಗರ್ ಏರದೆ ಇರುತ್ತದಾ! ಡಾಕ್ಟರ್ ಬೈಯಲಿಲ್ಲ, ಊಟದ ಹೊತ್ತು ಕೇಳಿದರು, ಅಷ್ಟೇ. ಈಗ ಮಾತ್ರೆ ತಿಂದ ಕೂಡಲೇ ನಾನು ಮೊದಲು ಉಣ್ಣುತ್ತೇನೆ. ಅತ್ತೆ ಎರಡು ವಾರ ಸರಿಯಾಗಿ ಮಾತಾಡಲಿಲ್ಲ.

ಇನ್ನೊಂದು, ಪಾತ್ರೆಯ ತಳದ ಪಾಯಸ. ಹಾಳಾಗಬಾರದು ಅಂತ ಅದು ಯಾವಾಗಲೂ ನನ್ನ ಹೊಟ್ಟೆಗೇ. ಈಗ ಅಕ್ಕಿಯನ್ನೇ ಕಡಿಮೆ ಅಳೆಯುತ್ತೇನೆ. ಕುಚ್ಚಲಕ್ಕಿ ಅಲ್ವಾ, ಏನೂ ಆಗದು ಎನ್ನುವವರ ಮಾತು ಕೇಳಬೇಡಿ. ಬಿಳಿ ಬೆಳ್ತಿಗೆ ಅಕ್ಕಿಗಿಂತ ಸ್ವಲ್ಪ ನಿಧಾನಕ್ಕೆ ಏರಿಸುತ್ತದೆ, ಅಷ್ಟೇ. ಅನ್ನ ಜಾಸ್ತಿ ಬಡಿಸಿಕೊಂಡರೆ ಯಾವ ಅಕ್ಕಿಯಾದರೂ ಏರುತ್ತದೆ.
– ಓದುಗಿ, ಪೆರ್ಲ

ದಿನವಿಡೀ ಅಡಿಕೆ ತೋಟದಲ್ಲಿ ಓಡಾಡುವವನಿಗೆ ಬೇರೆ ಆರೈಕೆ ಯಾಕೆ ಎಂದು ನಾನೂ ಸುಮ್ನೆ ಇದ್ದೆ. ಓಡಾಟವೆಲ್ಲ ಬರಿಗಾಲಲ್ಲಿ. ಅಂಗಾಲಿಗೆ ಮುಳ್ಳು ನೆಟ್ಟು ಕೀವಾದರೂ ನೋವೇ ಇಲ್ಲ, ಶುಗರಿನಿಂದ ನರ ಸತ್ತಿತ್ತಂತೆ. ಜಗಲಿಯಲ್ಲಿ ರಕ್ತದ ಗುರುತು ನೋಡಿ ಮೊಮ್ಮಗಳು ಕೂಗಿದ ಮೇಲೆ ಗೊತ್ತಾದದ್ದು. ಈಗ ರಾತ್ರಿ ಅವಳೇ ಟಾರ್ಚ್ ಹಿಡಿದು ನನ್ನ ಕಾಲು ನೋಡುತ್ತಾಳೆ, ಬೆರಳ ಸಂದನ್ನೂ ಬಿಡುವುದಿಲ್ಲ. ನಿಮಗೂ ಅಂಥ ಒಬ್ಬರು ಬೇಕು.
– ಓದುಗ, ಮುಳ್ಳೇರಿಯ

ಗೊತ್ತಿದೆ ಎಂದು ನಾನೂ ತಿಳಿದಿದ್ದೆ. ನನಗೆ ಮಲಯಾಳ ಮಾತು ಬರುತ್ತದೆ, ಓದು ಬರುವುದಿಲ್ಲ. ನಮ್ಮದು ಕೇರಳದ ಕಾಸರಗೋಡು, ಆಸ್ಪತ್ರೆಯ ಚೀಟಿ ಮಲಯಾಳದಲ್ಲಿ. ಕೇಳಲು ನಾಚಿಕೆ. ಊಟಕ್ಕೆ ಮೊದಲಿನ ಮಾತ್ರೆಯನ್ನು ಊಟವಾದ ಮೇಲೆ, ಎರಡು ವರ್ಷ ತಿಂದೆ! ಮನೆಗೆ ಬಂದ ಆಶಾ ಕಾರ್ಯಕರ್ತೆ ಡಬ್ಬಿ ನೋಡಿ ನಕ್ಕು, ಮುಚ್ಚಳದ ಮೇಲೆ ಕನ್ನಡದಲ್ಲಿ 'ಮೊದಲು', 'ನಂತರ' ಎಂದು ಬರೆದುಕೊಟ್ಟಳು. ನಿಮ್ಮ ಡಬ್ಬಿಗಳನ್ನೂ ಒಮ್ಮೆ ಯಾರಿಗಾದರೂ ತೋರಿಸಿ.
– ಓದುಗಿ, ಕುಂಬಳೆ