ಹದಿನಾರರ ಮಗಳನ್ನು ಒಬ್ಬಳೇ ರೈಲಿಗೆ ಹತ್ತಿಸಬಹುದಾ?

ವಿನೋಬನಗರದ ಅಮ್ಮ: ಮಗಳಿಗೆ 16 ತುಂಬಿತು, ಫಸ್ಟ್ ಪಿಯುಸಿ. ದಸರಾ ರಜೆಗೆ ಬೆಂಗಳೂರಿನ ಚಿಕ್ಕಮ್ಮನ ಮನೆಗೆ ಒಬ್ಬಳೇ ಹೋಗುತ್ತೇನೆ ಅಂತ ಹಠ ಹಿಡಿದಿದ್ದಾಳೆ. ಶಿವಮೊಗ್ಗದಿಂದ ಬೆಳಗಿನ ಜನಶತಾಬ್ದಿ. ಯಶವಂತಪುರಕ್ಕೆ ನನ್ನ ತಂಗಿ ಬಂದು ಕರೆದುಕೊಂಡು ಹೋಗುತ್ತಾಳೆ. ನಮ್ಮನೆಯವರು ಸುತಾರಾಂ ಒಪ್ಪುತ್ತಿಲ್ಲ. ಅತ್ತೆಯಂತೂ "ಮದುವೆ ಆದ್ಮೇಲೆ ಗಂಡನ ಜೊತೆ ಎಲ್ಲಿ ಬೇಕಾದ್ರೂ ಸುತ್ತಲಿ" ಅಂದುಬಿಟ್ಟರು. ನನಗೆ ಕಳಿಸುವ ಮನಸ್ಸಿದೆ, ಭಯವೂ ಇದೆ. ನಿಮ್ಮ ಮನೆಗಳಲ್ಲಿ ಇಂಥದ್ದನ್ನು ಹೇಗೆ ತೀರ್ಮಾನ ಮಾಡುತ್ತೀರಿ?

ಕಡೂರು ಪ್ಯಾಸೆಂಜರ್: ಮೇಡಂ, ಆ ರೈಲಿನಲ್ಲಿ ನಾನು ಆಗಾಗ ಓಡಾಡುತ್ತೇನೆ. ಹಗಲು ಹೊತ್ತು, ಕೂರುವ ಸೀಟು, ಬೋಗಿ ತುಂಬಾ ಸಂಸಾರಸ್ಥರು. ಕಷ್ಟ ಬರುವುದು ಎಲ್ಲಿ ಗೊತ್ತಾ? ಇವಳ ಕಿಟಕಿ ಸೀಟಿನಲ್ಲಿ ಯಾರೋ ದೊಡ್ಡವರು ಆರಾಮಾಗಿ ಕೂತಿರುತ್ತಾರೆ, ಕೇಳಿದರೆ "ಅಲ್ಲೇ ಕೂತ್ಕೋ ಪುಟ್ಟಾ" ಅನ್ನುತ್ತಾರೆ. ಆಗ "ಅಂಕಲ್, ಇದು ನನ್ನ ಸೀಟು, ಏಳಿ" ಅಂತ ಹೇಳೋಕೆ ಬರುತ್ತಾ ಅವಳಿಗೆ? ಬಂದರೆ ಕಳಿಸಿ. ತೊಂದರೆ ಆದರೆ 139ಕ್ಕೆ ಫೋನ್ ಮಾಡಬೇಕು ಅಂತ ಹೇಳಿಕೊಡಿ.

ಗಿಡ್ಡಪ್ಪ: ಪೇಪರ್ ಓದಲ್ವಾ ನೀವೆಲ್ಲಾ? ಕಾಲ ಸರಿ ಇಲ್ಲ. ನಮ್ಮ ಹುಡುಗ ಎಂಟನೇ ಕ್ಲಾಸಿನಲ್ಲೇ ಒಬ್ಬನೇ ಮೈಸೂರಿಗೆ ಹೋಗಿ ಬಂದ. ಆದರೆ ಹೆಣ್ಣುಮಕ್ಕಳ ವಿಷಯ ಬೇರೆ. ಅಷ್ಟು ಓಡಾಡಬೇಕು ಅಂದರೆ ಊರೊಳಗೆ ಓಡಾಡಲಿ, ಒಂದು ಸ್ಕೂಟಿ ಕೊಡಿಸಿ. ನಮ್ಮ ಬೀದಿಯಲ್ಲಿ ಪಿಯುಸಿ ಹುಡುಗಿಯರೆಲ್ಲಾ ಅದರಲ್ಲೇ ಟ್ಯೂಷನ್‌ಗೆ ಹೋಗುತ್ತಾರೆ.

ಮಂಡ್ಯ ಮೇಡಂ: ಗಿಡ್ಡಪ್ಪನವರೇ, ಅಲ್ಲೇ ಎಡವಿದಿರಿ ನೋಡಿ. 16ಕ್ಕೆ ಲೈಸೆನ್ಸ್ ಸಿಗುವುದು 50 ಸಿಸಿ ಒಳಗಿನ, ಗೇರ್ ಇಲ್ಲದ ಗಾಡಿಗೆ ಮಾತ್ರ. ಬೀದಿಯಲ್ಲಿ ಓಡುವ ಸ್ಕೂಟಿಗಳಲ್ಲಿ ಬಹುಪಾಲು ನೂರು ಸಿಸಿ ದಾಟಿದವು. 2019ರ ತಿದ್ದುಪಡಿ ಪ್ರಕಾರ ಮಕ್ಕಳು ಸಿಕ್ಕಿಬಿದ್ದರೆ ಅಪ್ಪ-ಅಮ್ಮನಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲೂ ಆಗಬಹುದು, ಆ ಮಗುವಿಗೆ 25 ವರ್ಷ ಆಗುವವರೆಗೆ ಲೈಸೆನ್ಸ್ ಇಲ್ಲ. ನಾನು ಪಿಯು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಗೇಟಿನ ಹೊರಗೆ, ಎದುರಿನ ಬೇಕರಿ ಪಕ್ಕ ಸಾಲಾಗಿ ಸ್ಕೂಟಿ ನಿಂತಿರುತ್ತವೆ, ಹೆಲ್ಮೆಟ್ ಇದ್ದರೂ ಕನ್ನಡಿಗೆ ನೇತುಹಾಕಿರುತ್ತಾರೆ. ಅದಕ್ಕೆ ಯಾವ ಅಪ್ಪನೂ ಬೇಡ ಅನ್ನಲ್ಲ. ಯಾಕಂದ್ರೆ ಡ್ರಾಪ್ ಮಾಡುವ ಕೆಲಸ ತಪ್ಪುತ್ತಲ್ಲಾ! ನಮಗೆ ಅನುಕೂಲ ಆದರೆ ಮಗಳು ದೊಡ್ಡವಳು. ಅವಳಿಗೆ ಖುಷಿ ಆಗುವಂಥದ್ದು ಕೇಳಿದರೆ ಇನ್ನೂ ಚಿಕ್ಕವಳು.

ಗಿಡ್ಡಪ್ಪ: ಕಾನೂನಿನ ಮಾತು ಒಪ್ಪಿದೆ. ಆದರೆ ರೈಲಿನಲ್ಲಿ ಏನಾದರೂ ಆದರೆ ಹೊಣೆ ಯಾರು, ನೀವಾ?

ಸರ್ಕಾರಿ ಸೈಕಲ್: ನಾನು ತರೀಕೆರೆ ಕಡೆಯ ಹಳ್ಳಿಯವಳು. 2006-07ರಲ್ಲಿ ಸರ್ಕಾರ ಎಂಟನೇ ಕ್ಲಾಸಿಗೆ ಸೈಕಲ್ ಕೊಡೋಕೆ ಶುರು ಮಾಡಿತಲ್ಲ, ಅದರಲ್ಲಿ ನನಗೂ ಒಂದು ಸಿಕ್ಕಿತು. ಅದೇ ವರ್ಷ ನಾನು ದೊಡ್ಡೋಳಾದೆ. ಅಲ್ಲಿವರೆಗೂ ಅಂಗಡಿ, ತೋಟ, ಅಜ್ಜಿ ಮನೆ ಅಂತ ಊರೆಲ್ಲಾ ಸುತ್ತುತ್ತಿದ್ದವಳು ನಾನು. ಆರತಿ ಮಾಡಿ, ಕೊಬ್ಬರಿ-ಬೆಲ್ಲ ತಿನ್ನಿಸಿ, ಆಮೇಲೆ ಎಲ್ಲಾ ಬಂದ್. ಸೈಕಲ್ ಇತ್ತು, ಆದರೆ ಸ್ಕೂಲಿಗೆ ಮಾತ್ರ. ಇಲ್ಲಿ ಎಲ್ಲರೂ ಸ್ವಾತಂತ್ರ್ಯ ಯಾವಾಗ ಕೊಡಬೇಕು ಅಂತ ಮಾತಾಡುತ್ತಿದ್ದೀರಿ. ಹತ್ತು ವರ್ಷಕ್ಕೆ ಇದ್ದದ್ದನ್ನೇ ಕಿತ್ತುಕೊಂಡು, ಹದಿನಾರಕ್ಕೆ ಸ್ವಲ್ಪ ಸ್ವಲ್ಪ ವಾಪಸ್ ಕೊಡುತ್ತಿದ್ದೇವೆ, ಅಷ್ಟೇ ಅಲ್ವಾ?

ತುಂಗಾ ತೀರ: ಅಕ್ಕ, ನಿಮ್ಮ ಮಾತು ನಾಟಿತು. ಇನ್ನೊಂದು ಸೇರಿಸುತ್ತೇನೆ. ಮೊದಲು ಬಸ್ ಚಾರ್ಜ್ ಕೇಳುವಾಗ ಎಲ್ಲಿಗೆ, ಯಾಕೆ, ಯಾರ ಜೊತೆ ಅಂತ ಹೇಳಲೇಬೇಕಿತ್ತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಮೇಲೆ ಸರ್ಕಾರಿ ಬಸ್ಸಿನಲ್ಲಿ ಆಧಾರ್ ತೋರಿಸಿದರೆ ಆಯ್ತು. ನನ್ನ ಮಗಳು ಹಾಸನದಲ್ಲಿ ಓದುತ್ತಾಳೆ, ಒಂದು ಭಾನುವಾರ ಗೆಳತಿಯರ ಜೊತೆ ಬೇಲೂರಿಗೆ ಹೋಗಿ ಬಂದು ಸಂಜೆ ಫೋನ್‌ನಲ್ಲಿ ಹೇಳಿದಳು. ಬೈಯೋಕೆ ಬಾಯಿ ತೆರೆದೆ, ಆದರೆ ಹೇಳಿದ್ದಾಳಲ್ಲಾ ಅಂತ ಸುಮ್ಮನಾದೆ. ಕೇಳದೆ ಹೋಗುವ ದಾರಿ ಈಗ ಅವರಿಗೆ ಇದೆ. ಕೇಳುತ್ತಿದ್ದಾಳೆ ಅಂದರೆ ಅದನ್ನೇ ಒಂದು ಲಕ್ಷಣ ಅಂತ ಇಟ್ಟುಕೊಳ್ಳಿ.

ಗಿಡ್ಡಪ್ಪ: ಲೊಕೇಶನ್ ಆನ್ ಮಾಡಿಸಿ, ಮುಗೀತು.

ಕಡೂರು ಪ್ಯಾಸೆಂಜರ್: ಏನ್ ಮುಗೀತು ಸರ್? ಫೋನನ್ನು ಲೈಬ್ರರಿಯಲ್ಲಿ ಗೆಳತಿ ಕೈಗೆ ಕೊಟ್ಟು ಸಿನಿಮಾಗೆ ಹೋಗೋದು ಮಕ್ಕಳಿಗೆ ಗೊತ್ತಿಲ್ವಾ? ಅದೂ ಅಲ್ಲದೆ ದಾರಿಯಲ್ಲಿ ಸಿಗ್ನಲ್ ಹೋದರೆ ಚುಕ್ಕಿ ನಿಂತಲ್ಲೇ ನಿಲ್ಲುತ್ತೆ, ಇಲ್ಲಿ ಅಮ್ಮನಿಗೆ ಬಿಪಿ ಏರುತ್ತೆ. ಅರಸೀಕೆರೆ ಬಂತು, ತುಮಕೂರು ಬಂತು ಅಂತ ಎರಡು ಮೆಸೇಜ್ ಹಾಕಲಿ ಸಾಕು.

ಮಂಡ್ಯ ಮೇಡಂ: ವಿನೋಬನಗರದ ಅಮ್ಮ, ಒಂದೇ ಲೆಕ್ಕ ಹಾಕಿ. ಇನ್ನೆರಡು ವರ್ಷಕ್ಕೆ ಸಿಇಟಿ. ಸೀಟು ಬೆಳಗಾವಿಯಲ್ಲೋ ಕಲಬುರಗಿಯಲ್ಲೋ ಸಿಕ್ಕರೆ ಇದೇ ಅಪ್ಪ ಟ್ರಂಕು, ಹಾಸಿಗೆ ಕಟ್ಟಿ ಹಾಸ್ಟೆಲಿಗೆ ಬಿಟ್ಟು ಬರುತ್ತಾರೆ. ಆಗ ಯಾರೂ ಕಾಲ ಸರಿ ಇಲ್ಲ ಅನ್ನಲ್ಲ. ಆಮೇಲೆ ಮೊದಲ ಸಲ ಒಬ್ಬಳೇ ಬಸ್ ಹತ್ತೋದು ಗೊತ್ತಿಲ್ಲದ ಊರಿನಲ್ಲಿ, ರಾತ್ರಿ ಹೊತ್ತು. ಅದಕ್ಕಿಂತ ಕೊನೆಯಲ್ಲಿ ಚಿಕ್ಕಮ್ಮ ನಿಂತಿರುವ ಈ ದಾರಿ ವಾಸಿ.

ವಿನೋಬನಗರದ ಅಮ್ಮ: ಎಲ್ಲರಿಗೂ ಥ್ಯಾಂಕ್ಸ್. ಸೀಟಿನ ಪ್ರಶ್ನೆ ಅವಳಿಗೇ ಕೇಳಿದೆ. "ಟಿಕೆಟ್ ತೋರಿಸ್ತೀನಿ, ಏಳದಿದ್ರೆ ಟಿಸಿನ ಕರೀತೀನಿ" ಅಂದಳು. ಟಿಕೆಟ್ ಬುಕ್ ಆಯ್ತು. ಆದರೆ ನಮ್ಮನೆಯವರು ಅದೇ ರೈಲಿಗೆ ಬೇರೆ ಬೋಗಿಯಲ್ಲಿ ತಮಗೂ ಒಂದು ಬುಕ್ ಮಾಡಿಕೊಂಡಿದ್ದಾರೆ. ಅವಳಿಗೆ ಗೊತ್ತಿಲ್ಲ.

ಸರ್ಕಾರಿ ಸೈಕಲ್: ಅಯ್ಯೋ, ಬೇಡ ಅಕ್ಕ! ಯಶವಂತಪುರದಲ್ಲಿ ಅಪ್ಪನ ಮುಖ ಕಂಡರೆ ಮುಂದಿನ ಸಲ ನಿಮ್ಮನ್ನು ಕೇಳೋದೇ ಇಲ್ಲ. ಇವತ್ತೇ ಹೇಳಿಬಿಡಿ.

ಗಿಡ್ಡಪ್ಪ: ಹೇಳಬೇಡಿ. ಅವರು ಹಿಂದಿನ ಬೋಗಿಯಲ್ಲಿ ಇರಲಿ, ಕೆಎಸ್‌ಆರ್ ಸ್ಟೇಷನ್‌ವರೆಗೆ ಹೋಗಿ ಇಳಿಯಲಿ.

ವಿನೋಬನಗರದ ಅಮ್ಮ: ಹೇಳಿದರೆ ಅವಳು ಹೋಗಲ್ಲ, ಕ್ಯಾನ್ಸಲ್ ಮಾಡಿ ಅಂದರೆ ಇವರು ಕಳಿಸಲ್ಲ. ಇವತ್ತು ರಾತ್ರಿ ಊಟಕ್ಕೆ ಕೂತಾಗ ಇಬ್ಬರ ಮುಂದೂ ಬಾಯಿ ಬಿಡುತ್ತೇನೆ, ಏನಾದರೂ ಆಗಲಿ.